ಎಡಗಡೆ ಕೆಳಗೆ ಏನಿದೆ?

ಅವರ ಎರಡೂ ಕೈಗಳು ಯಾವಾಗಲೂ ಬೆನ್ನ ಹಿಂದೆ ಇರುತ್ತಿದ್ದವು. ಎಡಗೈಯ ಮಣಿಕಟ್ಟನ್ನು ಬಲಗೈ ಬಿಗಿಯಾಗಿ ಹಿಡಿದುಕೊಂಡಿರುತ್ತಿತ್ತು, ಬಿಟ್ಟರೆ ಓಡಿಹೋಗುವ ಕರುವನ್ನು ಹಿಡಿದ ಹಾಗೆ. ಮ್ಯೂಸಿಯಂನಲ್ಲಿ ಮಾತ್ರ ಅಲ್ಲ, ಸೂಪರ್ ಮಾರ್ಕೆಟ್ಟಿನ ಟೊಮೆಟೊ ರಾಶಿಯ ಮುಂದೆ, ಬಸ್ ನಿಲ್ದಾಣದಲ್ಲಿ, ಲಿಫ್ಟಿನಲ್ಲಿ, ಎಲ್ಲೆಲ್ಲೂ ಅವರು ನಿಲ್ಲುತ್ತಿದ್ದದ್ದು ಹಾಗೆಯೇ. ಹಿಂದಿನಿಂದ ಕಾಣುತ್ತಿದ್ದದ್ದು ಬಿಳಿ ಅಂಗಿ, ಅದರ ಮೇಲೆ ನೀಲಿ ನರ ಉಬ್ಬಿದ ಆ ಕೈಗಳು, ತೋರುಬೆರಳಿನ ತುದಿಯಲ್ಲಿ ಎಷ್ಟು ತೊಳೆದರೂ ಹೋಗದ ಒಂದು ಕಂದು ಕಲೆ. ಫ್ರಾನ್ಸಿನಲ್ಲಿ ಅವರು ಆಯುಷ್ಯದ ಬಹುಪಾಲನ್ನು ಹಳೆಯ ಚಿತ್ರಗಳ ಕೊಳೆ ತೆಗೆದು, ಬಿರುಕು ಮುಚ್ಚಿ ಉಳಿಸುವ ಕೆಲಸದಲ್ಲಿ ಕಳೆದಿದ್ದರು. ಆ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನ ಕಲಿಸುವ ಪಾಠ ಇದಂತೆ.

"ಕೈ ಮುಂದೆ ಇದ್ದರೆ ಹೇಳಿದ್ದು ಕೇಳುವುದಿಲ್ಲ. ಮುಟ್ಟಿಯೇ ಮುಟ್ಟುತ್ತದೆ. ಅದಕ್ಕೇ ಹಿಂದೆ ಕಟ್ಟಿಹಾಕುವುದು," ಎನ್ನುತ್ತಿದ್ದರು.

ನಾವು ಅವರನ್ನು ಮೇಡಂ ಎನ್ನುತ್ತಿದ್ದೆವು. ಅಬುಧಾಬಿಯ ಫ್ರೆಂಚ್ ವಿಶ್ವವಿದ್ಯಾಲಯದಲ್ಲಿ ನಮಗೆ ಫ್ರಾನ್ಸಿನ ಕಲೆಯ ಇತಿಹಾಸ ಕಲಿಸಿದವರು ಅವರು. ನಾನು ಅಲ್ಲಿ ಬಿ.ಎ. ಮಾಡಿದೆ. ನಮ್ಮ ಇಡೀ ಕುಟುಂಬದಲ್ಲಿ ಡಿಗ್ರಿ ಪಡೆದ ಮೊದಲ ಜೀವ ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಇನ್ನೊಮ್ಮೆ ಹೇಳು ಎಂದರೆ ಇನ್ನೊಮ್ಮೆ ಹೇಳುತ್ತೇನೆ.

ಉಳ್ಳಾಲದಿಂದ ಆಚೆ, ಕಡಲ ಬದಿಯ ಬ್ಯಾರಿ ಮನೆ ನಮ್ಮದು. ಅಪ್ಪನನ್ನು ನಾವು ಉಪ್ಪ ಎಂದು ಕರೆಯುತ್ತೇವೆ. ಉಪ್ಪ ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವರು, ಮೀಸೆ ಮೂಡುವ ಮೊದಲೇ ದುಬೈಗೆ ಬಂದವರು. ಬರ್ ದುಬೈಯ ಬಟ್ಟೆ ಗಲ್ಲಿಯ ಒಂದು ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿ ಸೇರಿದವರು ಕೂದಲು ಬೆಳ್ಳಗಾಗುವವರೆಗೂ ಅದೇ ಅಂಗಡಿಯಲ್ಲಿ ಅದೇ ಕತ್ತರಿ ಹಿಡಿದರು. ನಾನು ಊರಿನ ಕನ್ನಡ ಶಾಲೆಯಲ್ಲಿ ಕಲಿತು ಪಿ.ಯು.ಸಿ. ಮುಗಿಸಿ ಇಲ್ಲಿಗೆ ಬಂದೆ. ಒಂದು ಕ್ಲಿನಿಕ್ಕಿನ ರಿಸೆಪ್ಶನ್ನಿನಲ್ಲಿ ಕೂತು ಹಲ್ಲುನೋವಿನವರ ಹೆಸರು ಬರೆಯುತ್ತಾ, ಸಂಜೆ ಹೊತ್ತು ಫ್ರೆಂಚ್ ಕ್ಲಾಸಿಗೆ ಹೋದೆ. ಅಲ್ಲಿ ಕಲಿಸುವವರು ಒಂದು ವಿದ್ಯಾರ್ಥಿವೇತನದ ಸುದ್ದಿ ಹೇಳಿದರು, ಅರ್ಜಿ ಹಾಕಿದೆ, ಸಿಕ್ಕಿತು. ಮೊದಲ ವರ್ಷ ಇಡೀ ಭಾಷೆ ಕಲಿಯುವುದಕ್ಕೇ ಹೋಯಿತು. ವಾರವಿಡೀ ಅಬುಧಾಬಿಯ ಹಾಸ್ಟೆಲ್ಲು, ರಜೆಗೆ ಬಸ್ಸು ಹಿಡಿದು ಬರ್ ದುಬೈಯ ಮನೆ.

ಫ್ರೆಂಚ್ ಎನ್ನುವವರೆಗೆ ಉಪ್ಪನಿಗೆ ಅಡ್ಡಿಯಿರಲಿಲ್ಲ. ಕಲೆಯ ಇತಿಹಾಸ ಎಂದಾಗ ಅವರ ಕೈಯ ಚಾ ಅರ್ಧದಲ್ಲೇ ನಿಂತಿತು.

"ಗೋಡೆಗೆ ತೂಗು ಹಾಕಿದ್ದನ್ನು ನೋಡ್ಲಿಕ್ಕೂ ಡಿಗ್ರಿ ಉಂಟಾ?"

"ಉಂಟು."

"ನೋಡಿದ ಮೇಲೆ ಎಂತ ಮಾಡುವುದು?"

"ಹೇಳುವುದು."

"ಯಾರಿಗೆ?"

ನಾನು ಎದ್ದು ಲೋಟ ತೊಳೆಯಲು ಹೋದೆ. ಉಪ್ಪ ಸಂಬಂಧಿಕರ ಮುಂದೆಲ್ಲ ಕಲೆಯನ್ನು ಕತ್ತರಿಸಿ ತೆಗೆದು "ಮಗಳು ಫ್ರೆಂಚ್ ಮಾಡ್ತಾಳೆ, ಎಂಬೆಸಿಯಲ್ಲಿ ಕೆಲಸ ಸಿಗ್ತದೆ" ಎನ್ನುತ್ತಿದ್ದರು. ಒಂದು ದಿನ ಮಾತ್ರ ಅಂಗಡಿಯ ಶಟರ್ ಎಳೆಯುತ್ತಾ, ನನ್ನ ಮುಖ ನೋಡದೆ ಕೇಳಿದರು:

"ಅಲ್ಲಿ ಬಟ್ಟೆ ಇಲ್ಲದ ಚಿತ್ರಗಳೂ ಇರ್ತದಂತಲ್ಲ?"

"ಇರ್ತದೆ ಉಪ್ಪ."

"ಆಗ ನೀನು ಎಂತ ಮಾಡ್ತಿ?"

"ಬೆಳಕು ಯಾವ ಕಡೆಯಿಂದ ಬಿದ್ದದ್ದು ಅಂತ ನೋಡ್ತೇನೆ."

ಉಪ್ಪ ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ, ನಿಟ್ಟುಸಿರು ಬಿಟ್ಟರು. "ಆಯ್ತು. ಬಟ್ಟೆ ಇಲ್ಲ ಅಂದ್ಮೇಲೆ ಅಲ್ಲಿ ನಮ್ಗೆಂತ ವ್ಯಾಪಾರ!"

ವಿದ್ಯಾರ್ಥಿವೇತನಕ್ಕೆ ಒಂದು ಷರತ್ತು ಇತ್ತು. ಯಾವ ವರ್ಷ ಇಪ್ಪತ್ತಕ್ಕೆ ಹತ್ತು ಅಂಕ ಬರುವುದಿಲ್ಲವೋ ಆ ವರ್ಷಕ್ಕೆ ಖಲಾಸ್. ವೇತನ ನಿಲ್ಲುತ್ತದೆ, ಅದರ ಹಿಂದೆಯೇ ವಿದ್ಯಾರ್ಥಿ ವೀಸಾ ಹೋಗುತ್ತದೆ. ಉಪ್ಪನ ಅಂಗಡಿಯ ಮಾಲೀಕರು ವ್ಯಾಪಾರ ಮುಚ್ಚುವ ಮಾತಾಡುತ್ತಿದ್ದ ಕಾಲ ಅದು. ನಾನು ಬಿದ್ದರೆ ಊರಿಗೆ ವಿಮಾನ, ಕೈಯಲ್ಲಿ ಹಳೆಯ ಪಿ.ಯು.ಸಿ. ಅಂಕಪಟ್ಟಿ. ಹೀಗಾಗಿ ನಾನು ನನಗೆ ಗೊತ್ತಿದ್ದ ಒಂದೇ ದಾರಿ ಹಿಡಿದೆ. ಬಾಯಿಪಾಠ.

ಬಾಯಿಪಾಠವನ್ನು ಹೀಗಳೆಯುವವರ ಪೈಕಿ ನಾನಲ್ಲ. ಪುಸ್ತಕವೇ ಇಲ್ಲದ ಮನೆಯಲ್ಲಿ ಬೆಳೆದವರಿಗೆ ತಲೆಯೇ ಕಪಾಟು. ಮದ್ರಸದಲ್ಲಿ ಬಾಯಿಪಾಠ, ಶಾಲೆಯಲ್ಲಿ ಮಗ್ಗಿ ಬಾಯಿಪಾಠ, ಪದ್ಯ ಬಾಯಿಪಾಠ, ಪ್ರಶ್ನೋತ್ತರವೂ ಬಾಯಿಪಾಠ. ಟೀಚರು ಎಬ್ಬಿಸಿ ನಿಲ್ಲಿಸಿದರೆ ಕೈಕಟ್ಟಿ, ಅವರ ಮುಖವನ್ನೇ ನೋಡುತ್ತಾ, ಒಂದೇ ಉಸಿರಿಗೆ ಒಪ್ಪಿಸಿ ಕೂರುವುದು. ನಾನು ಮುಗ್ಗರಿಸಿದ್ದೇ ಇಲ್ಲ.

ಮೇಡಂ ಕೈಯಲ್ಲಿ ಮೊದಲ ಸಲ ಸಿಕ್ಕಿಬಿದ್ದದ್ದು ಹಾಗೆಯೇ.

ಅಬುಧಾಬಿಯ ಸಾದಿಯಾತ್ ದ್ವೀಪದ ಗುಮ್ಮಟದ ಮ್ಯೂಸಿಯಂಗೆ ಅವರು ನಮ್ಮನ್ನು ವಾರಕ್ಕೊಮ್ಮೆ ಕರೆದೊಯ್ಯುತ್ತಿದ್ದರು. ಕ್ಲಾಸು ನಡೆಯುತ್ತಿದ್ದದ್ದು ಚಿತ್ರಗಳ ಮುಂದೆ, ನಿಂತುಕೊಂಡು. ಪ್ರತಿ ವಾರ ಒಬ್ಬರು ಒಂದು ಚಿತ್ರದ ಬಗ್ಗೆ ಮಾತಾಡಬೇಕು. ನನಗೆ ಬಂದದ್ದು ಫ್ರಾನ್ಸಿನಿಂದ ಎರವಲು ತಂದಿದ್ದ ಒಂದು ಹಳೆಯ ಚಿತ್ರ: ಅಡುಗೆಮನೆಯ ಕಟ್ಟೆ, ತಾಮ್ರದ ಪಾತ್ರೆ, ಕಾಲು ಕಟ್ಟಿ ತೂಗುಹಾಕಿದ ಸತ್ತ ಮೊಲ. ನಾನು ಲೈಬ್ರರಿಯಲ್ಲಿ ಅದರ ಬಗ್ಗೆ ಇದ್ದದ್ದನ್ನೆಲ್ಲ ಓದಿ, ಫ್ರೆಂಚಿನಲ್ಲಿ ಬರೆದು, ಹಾಸ್ಟೆಲ್ಲಿನ ಕಾರಿಡಾರಿನಲ್ಲಿ ನಡೆದಾಡುತ್ತಾ ಕಂಠಪಾಠ ಮಾಡಿದೆ. ಮೊಲದ ರೋಮದ ಮೃದುತನಕ್ಕೇ ಒಂದು ಇಡೀ ಪ್ಯಾರಾ ಇತ್ತು.

ಆ ದಿನ ಬಂತು. ಗೋಡೆಯ ಬಳಿ ಹೋದೆ, ಎಲ್ಲರ ಕಡೆ ತಿರುಗಿದೆ, ಕೈ ಕಟ್ಟಿದೆ, ಮೇಡಂ ಮುಖದ ಮೇಲೆ ಕಣ್ಣು ನೆಟ್ಟೆ, ಶುರು ಮಾಡಿದೆ. ಎಂಥ ಉಚ್ಚಾರಣೆ! ಎಲ್ಲೂ ತಡೆಯಲಿಲ್ಲ. ತಾಮ್ರದ ಹೊಳಪು ಹೇಳಿದೆ, ಮೊಲದ ಕಿವಿ ಹೇಳಿದೆ, ರೋಮ ಹೇಳಿದೆ. ನಡುವೆ ನಮ್ಮ ಕ್ಲಾಸಿನ ಲೆಬನಾನಿನ ಹುಡುಗಿ ತೋಳಿನಲ್ಲಿ ಮುಖ ಮುಚ್ಚಿಕೊಂಡಳು. ಇಲ್ಲಿಯವಳೇ ಆದ ಎಮಿರಾತಿ ಗೆಳತಿ ತಲೆಗೆ ಹೊದ್ದ ಶೇಲಾದ ಅಂಚನ್ನು ಬಾಯಿಗೆ ಒತ್ತಿಕೊಂಡಳು. ನನ್ನ ಮಾತಿಗೆ ಅವರ ಮನಸ್ಸು ಕರಗಿದೆ ಎಂದುಕೊಂಡೆ. ಮೇಡಂ ಮಾತ್ರ ಅಲುಗಾಡದೆ, ಕೈ ಹಿಂದೆ ಕಟ್ಟಿಕೊಂಡು, ಕೊನೆಯವರೆಗೂ ಕೇಳಿದರು.

"ಚೆನ್ನಾಗಿತ್ತು," ಎಂದರು. "ಈಗ ಹಿಂದೆ ತಿರುಗು. ಮೊಲ ಎಲ್ಲಿದೆ, ತೋರಿಸು."

ತಿರುಗಿದೆ. ಮೊಲ ಇರಲಿಲ್ಲ. ತಾಮ್ರವೂ ಇರಲಿಲ್ಲ. ಗೋಡೆಯ ಮೇಲೆ ನೀಲಿ ರೇಷ್ಮೆಯ ಗೌನು ತೊಟ್ಟ ಒಬ್ಬ ಹೆಂಗಸು ಕೂತು ನನ್ನನ್ನೇ ನೋಡುತ್ತಿದ್ದಳು.

ಎರವಲಿನ ಅವಧಿ ಮುಗಿದು ಮೊಲ ಫ್ರಾನ್ಸಿಗೆ ಮರಳಿತ್ತು. ಅದರ ಜಾಗಕ್ಕೆ ಇವಳು ಬಂದಿದ್ದಳು. ಆ ಮ್ಯೂಸಿಯಂನಲ್ಲಿ ಹಾಗೆ ಆಗುತ್ತಲೇ ಇರುತ್ತದೆ. ನಾನು ಅವಳ ಪಕ್ಕದಲ್ಲೇ ನಡೆದು ಬಂದು, ಅವಳಿಗೆ ಬೆನ್ನು ಹಾಕಿ ನಿಂತು, ಇಲ್ಲದ ಮೊಲದ ರೋಮ ಸವರಿದ್ದೆ. ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಅಲ್ಲಿಯ ನೆಲ ಬಾಯಿ ಬಿಡುವಂಥದ್ದಲ್ಲ, ಒಳ್ಳೆಯ ಗಟ್ಟಿ ಕಲ್ಲು.

ಎಲ್ಲರೂ ಮನಸಾರೆ ನಕ್ಕು ಮುಗಿಯುವವರೆಗೆ ಮೇಡಂ ಕಾದರು. ತಾವೂ ಸ್ವಲ್ಪ ನಕ್ಕರು ಎನ್ನಬೇಕು, ಸುಳ್ಳು ಹೇಳಬಾರದು. ಆಮೇಲೆ ನನ್ನ ಪಕ್ಕ ಬಂದು ನಿಂತರು.

"ನಿನ್ನ ನೆನಪು ದೊಡ್ಡ ಪಾತ್ರೆ. ನನಗೆ ಅಷ್ಟು ದೊಡ್ಡದಿಲ್ಲ. ಆದರೆ ಅದರಲ್ಲಿ ಬೇರೆಯವರು ನೋಡಿದ್ದನ್ನು ತುಂಬಿದ್ದೀ. ಹೋದ ವಾರ ಇಲ್ಲಿ ಮೊಲ ಇತ್ತು, ಇವತ್ತು ಇಲ್ಲ. ನಾಳೆ ಇವಳೂ ಹೋಗುತ್ತಾಳೆ. ಇರುವಾಗ ನೋಡು."

ಉಳಿದವರನ್ನು ಮುಂದಿನ ಕೋಣೆಗೆ ಕಳುಹಿಸಿ ನನ್ನನ್ನು ಆ ಹೆಂಗಸಿನ ಮುಂದೆ ಕೂರಿಸಿದರು. ಕಾಗದ ಇಲ್ಲ, ಪೆನ್ನು ಇಲ್ಲ, ಫೋನು ಇಲ್ಲ. ಪಕ್ಕದ ಹೆಸರುಪಟ್ಟಿ ಓದುವ ಹಾಗಿಲ್ಲ. ಕ್ಲಾಸು ಮುಗಿಯುವ ಹೊತ್ತಿಗೆ ಬಂದು ಹೇಳಿದರು:

"ಈಗ ಬೆನ್ನು ಹಾಕು. ಏನೇನಿದೆ ಹೇಳು."

ಹೇಳಿದೆ. ನೀಲಿ, ಮುತ್ತು, ಬೀಸಣಿಗೆ, ಪರದೆ. ಅವರು ಎಲ್ಲಕ್ಕೂ ತಲೆಯಾಡಿಸಿದರು. ಕೊನೆಗೆ ಒಂದೇ ಪ್ರಶ್ನೆ:

"ಎಡಗಡೆ ಕೆಳಗೆ ಏನಿದೆ?"

ನನಗೆ ಗೊತ್ತಿರಲಿಲ್ಲ. ಅಲ್ಲಿಗೆ ನನ್ನ ಕಣ್ಣು ಹೋಗಿಯೇ ಇರಲಿಲ್ಲ.

ಇದು ಅವರ ಪದ್ಧತಿ. ಯಾವ ಚಿತ್ರವಾದರೂ ಸರಿ, ಮೊದಲು ಮೌನವಾಗಿ ನೋಡುವುದು, ಆಮೇಲೆ ಬೆನ್ನು ಹಾಕಿ ಹೇಳುವುದು, ಕೊನೆಗೆ ಎಡಗಡೆಯ ಕೆಳಮೂಲೆ. ಮುಖ, ಕಣ್ಣು, ಕೈ ಎಲ್ಲರಿಗೂ ಕಾಣುತ್ತದೆ, ಅದನ್ನು ಚಿತ್ರಗಾರನೇ ನೋಡಿ ಎಂದು ಮುಂದೆ ಹಿಡಿಯುತ್ತಾನೆ. ಎಡಗಡೆಯ ಕೆಳಮೂಲೆಗೆ ಯಾರೂ ಹೋಗುವುದಿಲ್ಲ, ಅಲ್ಲಿಯವರೆಗೆ ಹೋದವರು ದಾರಿಯಲ್ಲಿ ಉಳಿದದ್ದನ್ನೆಲ್ಲ ನೋಡಿಯೇ ಇರುತ್ತಾರೆ ಎಂಬುದು ಅವರ ಲೆಕ್ಕ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬೇಕು. ಫ್ರೆಂಚಿನಲ್ಲಿ ಅದಕ್ಕೆ "ಜ ನ ಸೆ ಪಾ" ಎನ್ನುತ್ತಾರೆ. "ಅದು ಪೂರ್ತಿ ವಾಕ್ಯ. ಅದರ ಮುಂದೆ ಏನೂ ಸೇರಿಸಬೇಡಿ," ಎನ್ನುತ್ತಿದ್ದರು. ಯಾರಾದರೂ ಗೊತ್ತಿಲ್ಲದ್ದನ್ನು ಗೊತ್ತಿದ್ದ ಹಾಗೆ ಎಳೆಯತೊಡಗಿದರೆ, ಈ ದೇಶಕ್ಕೆ ಬಂದ ಮೇಲೆ ಕಲಿತ ಅರಬ್ಬಿಯಲ್ಲಿ "ಖಲಾಸ್, ಖಲಾಸ್!" ಎಂದು, ಸಾಕು ಸಾಕು ಎನ್ನುವುದನ್ನು, ಗಂಟಲಿನಲ್ಲಿ ಉಜ್ಜಿ ಉಜ್ಜಿ ಹೇಳುವರು. ನನಗೆ "ಮದ್ಮುವಾಜೆಲ್ ಮೊಲ", ಅಂದರೆ ಕುಮಾರಿ ಮೊಲ, ಎಂಬ ಹೆಸರು ಅಂದಿನಿಂದ ಖಾಯಂ ಆಯಿತು. ಲೆಬನಾನಿನವಳು ನನ್ನ ನಿಜವಾದ ಹೆಸರನ್ನು ಮರೆತೇಬಿಟ್ಟಳು.

ನನ್ನ ಅಂಕಗಳು ಹತ್ತರ ಅಂಚಿನಲ್ಲೇ ತೆವಳುತ್ತಿದ್ದವು. ಬರವಣಿಗೆಯ ಪರೀಕ್ಷೆಯಲ್ಲಿ ಬಾಯಿಪಾಠ ಕೈಹಿಡಿಯುತ್ತಿತ್ತು, ಚಿತ್ರದ ಮುಂದೆ ಕೈಬಿಡುತ್ತಿತ್ತು. ನೋಡು ಎಂದರೆ ನೋಡುತ್ತಿದ್ದೆ, ಆದರೆ ಒಳಗೊಬ್ಬಳು ಓದಿದ್ದನ್ನು ಪಿಸುಗುಟ್ಟುತ್ತಲೇ ಇರುತ್ತಿದ್ದಳು. ಅವಳ ಬಾಯಿ ಮುಚ್ಚಿಸಿದ್ದು ನೀಲಿ ಗೌನು.

ಒಂದು ಸಲ ಆ ಗೌನಿನವಳ ಮುಂದೆ ಕೂತಿದ್ದಾಗ ನನ್ನ ಬಾಯಿಂದ ತಾನಾಗಿ ಒಂದು ಮಾತು ಬಂತು. ಈ ನೀಲಿ ಮಡಿಕೆಯ ಮೇಲೆ ಬೆಳ್ಳಗೆ, ಒಳಗೆ ಕಪ್ಪಗೆ ಇದೆ, ನಡುವೆ ನೀಲಿ ಇರುವುದು ಸ್ವಲ್ಪವೇ, ನಮ್ಮ ಅಂಗಡಿಯ ಸ್ಯಾಟಿನ್ ಬಟ್ಟೆಯ ಥಾನು ಬಿಚ್ಚಿದಾಗಲೂ ಹೀಗೇ ಕಾಣುತ್ತದೆ ಎಂದೆ. ಮೇಡಂ ತಿರುಗಿ ನೋಡಿದರು.

"ಇದು ಯಾವ ಪುಸ್ತಕದ್ದು?"

"ಪುಸ್ತಕದ್ದಲ್ಲ ಮೇಡಂ. ಉಪ್ಪನ ಅಂಗಡಿ."

"ನನಗೆ ಆ ಅಂಗಡಿ ನೋಡಬೇಕು."

ಹೇಳಿದಂತೆ ಬಂದೇಬಿಟ್ಟರು, ಮುಂದಿನ ರಜೆಗೆ, ಬಸ್ಸಿನಲ್ಲೇ. ಊರೊಳಗೆ ನುಗ್ಗಿದ ಕಡಲ ಖಾಡಿಯ ಬದಿಯ ಆ ಗಲ್ಲಿಯಲ್ಲಿ "ಬಾಜಿ, ಪಶ್ಮೀನಾ!", ಅಕ್ಕಾ ಶಾಲು ಬೇಕಾ, ಎಂದು ಕೂಗುವ ಹುಡುಗರ ನಡುವೆ, ಬೆನ್ನ ಹಿಂದೆ ಕೈ ಕಟ್ಟಿಕೊಂಡು, ಪೊಲೀಸ್ ಅಧಿಕಾರಿಯ ಹಾಗೆ ನಡೆದು ಬಂದರು. ಉಪ್ಪ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಸ್ಟೂಲು ಒರೆಸಿ ಇಟ್ಟರು. ಚಾ ತರಿಸಿದರು. ಇಬ್ಬರಿಗೂ ಒಂದೇ ಒಂದು ಸಮಾನ ಭಾಷೆ ಇರಲಿಲ್ಲ. ಉಪ್ಪನ ಇಂಗ್ಲಿಷು ಬಟ್ಟೆಯ ಹೆಸರುಗಳಲ್ಲೇ ಮುಗಿಯುತ್ತಿತ್ತು.

"ಇವರಿಗೆ ಎಂತ ಬೇಕಂತೆ?" ಎಂದು ನನ್ನನ್ನು ಕೇಳಿದರು.

"ನೀಲಿ ಸ್ಯಾಟಿನ್ ನೋಡ್ಬೇಕಂತೆ."

"ತಗೊಳ್ತಾರಾ, ನೋಡ್ತಾರಾ?"

"ನೋಡ್ತಾರೆ."

"ಹೌದಲ್ಲ, ನಿನ್ನ ಟೀಚರಲ್ವಾ," ಎಂದು ಉಪ್ಪ ಕಪಾಟಿನಿಂದ ಥಾನು ಇಳಿಸಿದರು. ಒಂದು ತುದಿ ಹಿಡಿದು, ಬಟ್ಟೆಯವರು ಬೀಸುವ ಹಾಗೆ ಮಣಿಕಟ್ಟಿನಿಂದ ಒಮ್ಮೆ ಬೀಸಿದರು. ಥಾನು ಮೇಜಿನ ಮೇಲೆ ಉರುಳುತ್ತಾ ಹೋಯಿತು. ಬಟ್ಟೆ ಗಾಳಿ ತುಂಬಿಕೊಂಡು ಮೇಲೆದ್ದು, ಒಂದು ಕ್ಷಣ ನಿಂತು, ಮಡಿಕೆ ಮಡಿಕೆಯಾಗಿ ಕೆಳಗಿಳಿಯಿತು. ಬಾಗಿಲಿನ ಬಿಸಿಲು ಅದರ ಮೇಲೆ ಹರಿಯಿತು.

ಮೇಡಂ ಬೆನ್ನ ಹಿಂದಿನ ಕೈಗಳು ಮುಂದೆ ಬಂದವು. ಅವು ಹಾಗೆ ಮುಂದೆ ಬಂದದ್ದನ್ನು ನಾನು ಕಂಡದ್ದು ಅಂದೇ ಮೊದಲು. ಎರಡೂ ಅಂಗೈಗಳನ್ನು ಬಟ್ಟೆಯ ಅಡಿಗೆ ತೂರಿಸಿ, ಎಳೆಯ ಕೂಸನ್ನು ಎತ್ತುವ ಹಾಗೆ ಎತ್ತಿದರು. ಆಮೇಲೆ ಉಪ್ಪನ ಕಡೆ ನೋಡಿ, ಬೆರಳು ಸುತ್ತಿಸಿ, "ಯಲ್ಲಾ, ಇನ್ನೊಮ್ಮೆ" ಎನ್ನುವ ಸನ್ನೆ ಮಾಡಿದರು. ಉಪ್ಪ ಸುತ್ತಿದರು, ಬೀಸಿದರು. ಇನ್ನೊಮ್ಮೆ. ಮತ್ತೊಮ್ಮೆ. ಅಕ್ಕಪಕ್ಕದ ಅಂಗಡಿಯವರು ಇಣುಕತೊಡಗಿದರು. ಉಪ್ಪನಿಗೂ ಹುರುಪು ಬಂತು. ಬೇಡವೆಂದರೂ ಹಸಿರು ತೆಗೆದರು, ಕೇಸರಿ ತೆಗೆದರು, ಮದುವೆಯ ಸೀಸನ್ನಿಗೆಂದು ಅಡಗಿಸಿಟ್ಟಿದ್ದ ಬ್ರೊಕೇಡನ್ನೂ ತೆಗೆದರು. ಹೊರಡುವಾಗ ಮೇಡಂ ಕೊಂಡದ್ದು ಒಂದು ಮೀಟರ್ ಅಸ್ತರ್ ಬಟ್ಟೆ, ಮಂಕು ಕಂದು ಬಣ್ಣದ್ದು. ಗೌನುಗಳ ಒಳಗೆ ಹೊಲಿಯುವ, ಯಾರಿಗೂ ಕಾಣದ ಬಟ್ಟೆ.

ಅವರು ಹೋದ ಮೇಲೆ ಉಪ್ಪ ಬೆವರು ಒರೆಸಿಕೊಳ್ಳುತ್ತಾ, "ಎಂಥ ಗಿರಾಕಿ ಮಾರಾಯ್ತಿ! ಇಡೀ ಅಂಗಡಿ ಬಿಚ್ಚಿಸಿ ಅಸ್ತರ್ ತಗೊಂಡು ಹೋದ್ರು," ಎಂದರು. ಥಾನುಗಳನ್ನು ಸುತ್ತಿ ಮುಗಿಸಿದ ಮೇಲೆ, ನನ್ನ ಕಡೆ ನೋಡದೆ ಇನ್ನೊಂದು ಮಾತು ಹೇಳಿದರು. "ನೋಡ್ಲಿಕ್ಕೆ ಗೊತ್ತುಂಟು ಅವರಿಗೆ."

ಆಮೇಲೆ ಉಪ್ಪ ಡಿಗ್ರಿಯ ಬಗ್ಗೆ ಪ್ರಶ್ನೆ ಕೇಳಲಿಲ್ಲ.

ಮೇಡಂ ಅಬುಧಾಬಿಗೆ ಬಂದದ್ದು ಮಗನ ಹಿಂದೆ. ಮಗ ರುವೈಸ್‌ನ ತೈಲ ಶುದ್ಧೀಕರಣದ ಊರಿನಲ್ಲಿ ಎಂಜಿನಿಯರು, ಕಂಪನಿಯ ಮನೆಯಲ್ಲಿ ಸಂಸಾರ. ರಜೆಯ ದಿನಗಳಲ್ಲಿ ಮೇಡಂ ಅಲ್ಲಿಗೆ ಹೋಗುತ್ತಿದ್ದರು. "ಅಲ್ಲಿ ನೋಡಲು ಏನಿದೆ ಮೇಡಂ?" ಎಂದು ಒಮ್ಮೆ ನಾವು ಚುಡಾಯಿಸಿದೆವು. "ಪೈಪುಗಳು," ಎಂದರು. "ಸೂರ್ಯ ಇಳಿಯುವಾಗ ಪೈಪುಗಳ ಬಣ್ಣ ನೋಡಿದ್ದೀರಾ? ಇಲ್ಲವಲ್ಲ? ಹಾಗಾದರೆ ನಗಬೇಡಿ." ಮ್ಯೂಸಿಯಂನ ಹೆಸರುಪಟ್ಟಿಗಳಲ್ಲಿ "ಎರವಲು" ಎಂದು ಬರೆದದ್ದನ್ನು ತೋರಿಸಿ, "ನನ್ನ ವೀಸಾದ ಮೇಲೂ ಇದನ್ನೇ ಬರೆಯಬಹುದಿತ್ತು," ಎನ್ನುವರು. ಅದನ್ನು ದುಃಖದಿಂದ ಹೇಳುತ್ತಿರಲಿಲ್ಲ. ಅದೊಂದು ವಿಷಯ, ಅಷ್ಟೇ, ಎಂಬಂತೆ ಹೇಳುತ್ತಿದ್ದರು.

ಕೊನೆಯ ವರ್ಷದ ಮೌಖಿಕ ಪರೀಕ್ಷೆ ಮ್ಯೂಸಿಯಂನಲ್ಲೇ ನಡೆಯಿತು, ಬೆಳಿಗ್ಗೆ, ಬಾಗಿಲು ತೆರೆಯುವ ಮೊದಲು. ಅದರಲ್ಲಿ ಹತ್ತು ಬಂದರೆ ಡಿಗ್ರಿ, ಇಲ್ಲದಿದ್ದರೆ ಎಲ್ಲ ವರ್ಷಗಳೂ ನೀರಲ್ಲಿ ಹೋಮ. ಉಪ್ಪನ ಅಂಗಡಿ ಅಷ್ಟರಲ್ಲಿ ಮುಚ್ಚಿತ್ತು. ಊರಿಗೆ ಹೋಗುವ ಮೊದಲು ಫಲಿತಾಂಶ ನೋಡಿಯೇ ಹೋಗುತ್ತೇನೆ ಎಂದು ಅವರು ವೀಸಾದ ಕೊನೆಯ ದಿನಗಳನ್ನು ಎಳೆಯುತ್ತಿದ್ದರು. ಪರೀಕ್ಷಕರು ಇಬ್ಬರು: ಮೇಡಂ, ಮತ್ತು ಅದಕ್ಕೆಂದೇ ಪ್ಯಾರಿಸ್ಸಿನಿಂದ ಬಂದಿದ್ದ ತೆಳ್ಳಗಿನ ಒಬ್ಬ ಪ್ರೊಫೆಸರು. ಚೀಟಿ ಎತ್ತಬೇಕು, ಚೀಟಿಯಲ್ಲಿದ್ದ ಚಿತ್ರದ ಮುಂದೆ ನಿಂತು ಮಾತಾಡಬೇಕು.

ನನ್ನ ಚೀಟಿಗೆ ಬಂದದ್ದು ಆ ವಾರವಷ್ಟೇ ತೂಗುಹಾಕಿದ್ದ ಸಣ್ಣ ಚಿತ್ರ. ಅದರ ಬಗ್ಗೆ ಒಂದಕ್ಷರ ಓದಿರಲಿಲ್ಲ. ಊಟ ಮುಗಿದ ಮೇಜು, ಅರ್ಧ ರೊಟ್ಟಿ, ನಮಗೆ ಬೆನ್ನು ಹಾಕಿ ತಟ್ಟೆ ಎತ್ತುತ್ತಿರುವ ಒಬ್ಬ ಕೆಲಸದವಳು. ಒಳಗೆ ಪಿಸುಗುಟ್ಟುವವಳಿಗೆ ಹೇಳಲು ಏನೂ ಇರಲಿಲ್ಲ. ಪ್ರೊಫೆಸರು ಗಡಿಯಾರ ನೋಡಿಕೊಂಡರು. ನಾನು ನೋಡಿದೆ. ಇನ್ನೂ ನೋಡಿದೆ. ಆಮೇಲೆ ಮಾತಾಡಿದೆ. ರೊಟ್ಟಿಯ ಮೇಲೆ ಬಿದ್ದ ಬೆಳಕು ತಟ್ಟೆಯನ್ನು ಮುಟ್ಟಿಲ್ಲ ಎಂದೆ. ಅವಳ ಎಡ ತೋಳಿನ ಬಟ್ಟೆ ತೊಳೆದು ತೊಳೆದು ಸವೆದಿದೆ, ಬಲ ತೋಳು ಹೊಸತು, ಯಾರೋ ಬೇರೆ ತುಂಡು ಜೋಡಿಸಿದ್ದಾರೆ ಎಂದೆ. ವ್ಯಾಕರಣ ಅಲ್ಲಲ್ಲಿ ಎಡವಿತು, ಕಣ್ಣು ಎಡವಲಿಲ್ಲ. ಹಾಗೇ ಇಳಿಯುತ್ತಾ ಇಳಿಯುತ್ತಾ ಎಡಗಡೆಯ ಕೆಳಮೂಲೆಗೆ ಬಂದೆ. ಅಲ್ಲಿ ಬರೀ ಕಂದು ನೆಲ. ಆದರೆ ಒಂದು ಕಡೆ ಆ ಕಂದು ದಪ್ಪವಾಗಿತ್ತು, ಅದರಡಿಯಲ್ಲಿ ಏನೋ ಒಂದು ಆಕಾರ ಇದ್ದ ಹಾಗೆ.

"ಇಲ್ಲಿ ಏನೋ ಇತ್ತು. ಚಿತ್ರಗಾರ ಮೇಲೆ ಬಣ್ಣ ಹಚ್ಚಿ ಮುಚ್ಚಿದ್ದಾನೆ," ಎಂದೆ.

ಪ್ರೊಫೆಸರು ಮುಂದೆ ಬಾಗಿದರು. "ಏನಿತ್ತು?"

ನಾನು ಇನ್ನೂ ಹತ್ತಿರ ಬಾಗಿ ನೋಡಿದೆ.

"ಇಂಥ ಚಿತ್ರಗಳಲ್ಲಿ ಸಾಮಾನ್ಯವಾಗಿ ಆ ಜಾಗದಲ್ಲಿ ನಾಯಿ ಇರುತ್ತದೆ," ಎಂದರು ಅವರು, ದಯೆಯಿಂದಲೇ. "ನಾಯಿ, ಅಲ್ಲವೇ?"

ನಮ್ಮ ಶಾಲೆಯಲ್ಲಿ ಟೀಚರು ಹಾಗೆ ಕೇಳಿದರೆ ಇಡೀ ಕ್ಲಾಸು ಒಂದೇ ಕಂಠದಲ್ಲಿ "ಹೌದು ಸಾರ್" ಎನ್ನುತ್ತಿತ್ತು. ಹೌದು ಎನ್ನುವುದು ನಾಲಗೆಯ ತುದಿಗೆ ಬಂದಿತ್ತು. ಒಂದೇ ಒಂದು ಸಲ ಮೇಡಂ ಕಡೆ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ಕೈ ಬೆನ್ನ ಹಿಂದೆ, ಕಣ್ಣು ಚಿತ್ರದ ಮೇಲೆ. ನಾನೂ ಮತ್ತೆ ಚಿತ್ರಕ್ಕೆ ತಿರುಗಿದೆ.

"ಜ ನ ಸೆ ಪಾ," ಎಂದೆ. ನನಗೆ ಗೊತ್ತಿಲ್ಲ.

"ನಾಯಿ ಇರಬಹುದಲ್ಲ?"

"ಇರಬಹುದು. ನನಗೆ ನಾಯಿ ಕಾಣುವುದಿಲ್ಲ. ಇಲ್ಲಿ ಬಣ್ಣ ದಪ್ಪವಾಗಿದೆ, ಅದು ಕಾಣುತ್ತದೆ."

ಪ್ರೊಫೆಸರು ಏನೋ ಬರೆದುಕೊಂಡರು. "ಖಲಾಸ್," ಎಂದರು ಮೇಡಂ, ಅವರಿಗೆ.

ಹನ್ನೆರಡು ಬಂತು. ಇಪ್ಪತ್ತಕ್ಕೆ ಹನ್ನೆರಡು. ಮೇಡಂ ತಾವೇ ಹೊರಗೆ ಬಂದು, ಗುಮ್ಮಟದ ತೂತುಗಳಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬೀಳುವಲ್ಲಿ ನಿಂತು ಹೇಳಿದರು. ನಾನು ಅಳುತ್ತಿದ್ದೆ. ಅವರು ಅಳು ನಿಲ್ಲುವವರೆಗೆ ಕಾದು, "ಹದಿಮೂರು ಕೊಡಬಹುದಿತ್ತು. ಒಮ್ಮೆ ನನ್ನ ಮುಖ ನೋಡಿದೆಯಲ್ಲ, ಅದಕ್ಕೆ ಒಂದು ಕಡಿಮೆ," ಎಂದರು.

ಉಪ್ಪನಿಗೆ ಫೋನು ಮಾಡಿದೆ.

"ಪಾಸಾ?"

"ಪಾಸು ಉಪ್ಪ. ಹನ್ನೆರಡು."

"ಎಷ್ಟಕ್ಕೆ?"

"ಇಪ್ಪತ್ತಕ್ಕೆ."

"ಬಾಕಿ ಎಂಟು ಎಲ್ಲಿ ಹೋಯ್ತು?" ಫ್ರೆಂಚರಲ್ಲಿ ಹನ್ನೆರಡು ಒಳ್ಳೆಯ ಅಂಕ ಎಂದು ವಿವರಿಸಿದೆ. ಮೇಡಂ ಒಂದು ಕಳೆದ ಕಥೆಯನ್ನೂ ಹೇಳಿದೆ. "ಆ ಒಂದನ್ನು ವಾಪಸ್ ಕೇಳು. ಅಷ್ಟು ಸಲ ಸ್ಯಾಟಿನ್ ಬೀಸಿದ್ದೇನೆ ನಾನು," ಎಂದರು. ಕೆಲವು ದಿನಗಳ ಮೇಲೆ ಪದವಿಪತ್ರ ಬಂತು, ಕೈಗೆ ಕೊಟ್ಟಾಗ ಅವರು ಅದನ್ನು ಓದಲು ಹೋಗಲಿಲ್ಲ. ಹೆಬ್ಬೆರಳು ತೋರುಬೆರಳ ನಡುವೆ ಒಂದು ಮೂಲೆಯನ್ನು ಹಿಡಿದು, ಬಟ್ಟೆ ಪರೀಕ್ಷಿಸುವ ಹಾಗೆ ಉಜ್ಜಿ ನೋಡಿ, "ಗಟ್ಟಿ ಉಂಟು" ಎಂದರು. ಅದೇ ವಾರ ಊರಿಗೆ ಹೋದರು.

ನನಗೆ ಕೆಲಸ ಸಿಕ್ಕಿದ್ದು ಎಂಬೆಸಿಯಲ್ಲಿ ಅಲ್ಲ, ಅದೇ ಮ್ಯೂಸಿಯಂನಲ್ಲಿ. ಶಾಲೆಯ ಮಕ್ಕಳಿಗೆ ಚಿತ್ರಗಳನ್ನು ತೋರಿಸುವ ಕೆಲಸ. ನೋಡಿ ಯಾರಿಗೆ ಹೇಳುವುದು ಎಂಬ ಉಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು. ಕೆಲವೊಮ್ಮೆ ದುಬೈಯ ಮಿರ್ದಿಫ್ ಬಡಾವಣೆಯಿಂದ ನಮ್ಮ ಕಡೆಯ ಮಕ್ಕಳೂ ಬರುತ್ತಾರೆ. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾರೆ. ಬೆನ್ನು ಹಾಕಿ ಎಂದರೆ ಮಾತ್ರ ತಕ್ಷಣ ಹಾಕುತ್ತಾರೆ, ಅದು ಅವರಿಗೆ ಆಟ.

ಮೇಡಂಗೆ ಕಾಯಿಲೆ ಎಂದು ತಿಳಿದದ್ದು ತಡವಾಗಿ. ಕೆಲಸ ಬಿಟ್ಟು ರುವೈಸ್‌ಗೆ ಮಗನ ಮನೆಗೆ ಹೋಗಿದ್ದರು. ರಜೆ ಹಾಕಿ ಬಸ್ಸು ಹಿಡಿದು ಹೋದೆ. ಮರಳು, ತಂತಿ, ಮತ್ತೆ ಮರಳು. ಕಂಪನಿಯ ಮನೆಯ ಅಂಗಳದಲ್ಲಿ ಕುರ್ಚಿಯಲ್ಲಿ ಕೂತಿದ್ದರು, ತೊಡೆಯ ಮೇಲೆ ಆ ಕಂದು ಅಸ್ತರ್ ಬಟ್ಟೆ. ಅದಕ್ಕೆ ಅಂಚು ಹೊಲಿದು ಶಾಲು ಮಾಡಿಕೊಂಡಿದ್ದರು. ಕುರ್ಚಿಯಲ್ಲಿ ಕೂತವರಿಗೆ ಕೈ ಹಿಂದೆ ಕಟ್ಟಲು ಆಗುವುದಿಲ್ಲ. ಕೈಗಳು ಮುಂದೆ, ಶಾಲಿನ ಮೇಲೆ, ಏನು ಮಾಡಬೇಕೆಂದು ತಿಳಿಯದ ಹಾಗೆ ಬಿದ್ದಿದ್ದವು.

"ಬಾ ಮೊಲವೇ," ಎಂದರು. ಕಾಯಿಲೆಯ ಮಾತೆತ್ತಲು ಬಿಡಲಿಲ್ಲ. "ಆ ಗೋಡೆಯ ಮೇಲೆ ಈಗ ಯಾರಿದ್ದಾರೆ?"

ಯಾವ ಗೋಡೆ ಎಂದು ಕೇಳಬೇಕಾಗಿರಲಿಲ್ಲ. ನೀಲಿ ಗೌನಿನವಳು ಮರಳಿ ಹೋಗಿದ್ದಳು, ಅಲ್ಲಿ ಈಗ ಒಂದು ಬಂದರು ಬಂದಿದೆ ಎಂದೆ. ಹೇಳು ಎಂದರು. ಹೇಳಿದೆ. ಬೆಳಗಿನ ಮಂಜು, ಮಂಜಿನೊಳಗೆ ಕರಗಿದ ಹಡಗಿನ ಕಂಬಗಳು, ಮೂಟೆ ಇಳಿಸುವವರು, ಕೆಂಪು ಟೊಪ್ಪಿಯ ಒಬ್ಬ, ನೀರಿನ ಮೇಲೆ ಆ ಕೆಂಪಿನ ಒಂದು ಚೂರು. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ನಡುನಡುವೆ ರೆಪ್ಪೆಯ ಅಡಿಯಲ್ಲಿ ಕಣ್ಣಗುಡ್ಡೆ ಎಡಕ್ಕೂ ಬಲಕ್ಕೂ ಹೊರಳುತ್ತಿತ್ತು. ನೋಡುತ್ತಿದ್ದರು.

"ಎಡಗಡೆ ಕೆಳಗೆ ಏನಿದೆ?"

ಬಾಯಿ ತೆರೆದೆ. ದಿನವೂ ಆ ಚಿತ್ರದ ಮುಂದೆ ಮಕ್ಕಳನ್ನು ನಿಲ್ಲಿಸಿ ಅವೇ ಮಾತುಗಳನ್ನು ಹೇಳಿ ಹೇಳಿ, ನಾನು ಯಾವಾಗಲೋ ಮತ್ತೆ ಚಿತ್ರಕ್ಕೆ ಬೆನ್ನು ಹಾಕಿದ್ದೆ.

"ಜ ನ ಸೆ ಪಾ, ಮೇಡಂ."

ಅವರು ನಕ್ಕರು. ಸಿಟ್ಟಿರಲಿಲ್ಲ. "ಒಳ್ಳೆಯ ವಾಕ್ಯ. ಹೋಗಿ ನೋಡು. ನೋಡಿ ಬಂದು ಹೇಳು. ಫೋನಿನಲ್ಲಿ ಬೇಡ, ಚಿತ್ರ ಕಳುಹಿಸುವುದೂ ಬೇಡ. ಬಂದು ಹೇಳು."

ಹೊರಟಾಗ ಸೂರ್ಯ ಇಳಿಯುತ್ತಿದ್ದ. ದೂರದ ಪೈಪುಗಳು ಮೊದಲು ತಾಮ್ರವಾದವು, ಆಮೇಲೆ ಗುಲಾಬಿ, ಆಮೇಲೆ ನನ್ನ ಬಳಿ ಹೆಸರಿಲ್ಲದ ಒಂದು ಬಣ್ಣ. ಅವರು ಹೇಳಿದ್ದು ನಿಜವಾಗಿತ್ತು.

ಮರುದಿನವೇ ಗೋಡೆಯ ಮುಂದೆ ನಿಂತು ನೋಡಿದೆ. ಮುಂದಿನ ರಜೆಗೆ ಹೋಗಿ ಹೇಳುವುದೆಂದು ಬಸ್ಸಿನ ಸಮಯವನ್ನೂ ಗೊತ್ತುಮಾಡಿಕೊಂಡೆ. ಅಷ್ಟರಲ್ಲಿ ಅವರನ್ನು ಚಿಕಿತ್ಸೆಗೆ ಫ್ರಾನ್ಸಿಗೆ ಕರೆದುಕೊಂಡು ಹೋದರು. ತಿಂಗಳು ಕಳೆಯುವುದರೊಳಗೆ ಮಗನ ಸಂದೇಶ ಬಂತು. ಅವರ ಊರಿನಲ್ಲೇ, ನಿದ್ದೆಯಲ್ಲೇ ಹೋದರಂತೆ. ಊರಿಗೆ ಫೋನು ಮಾಡಿ ಉಪ್ಪನಿಗೆ ಹೇಳಿದೆ. ಉಪ್ಪ ಪ್ರಾರ್ಥನೆಯ ಮಾತು ಹೇಳಿ, "ಆ ಅಸ್ತರ್ ಬಟ್ಟೆ ಒಳ್ಳೆದಿತ್ತು. ಅವರು ಆರಿಸಿದ್ದೇ ಒಳ್ಳೆದನ್ನು," ಎಂದರು.

ಈಚೆಗೆ ಆ ಬಂದರಿನ ಚಿತ್ರದ ಅವಧಿಯೂ ಮುಗಿಯಿತು. ಪೆಟ್ಟಿಗೆಯಲ್ಲಿ ಕೂತು ಅದೂ ಫ್ರಾನ್ಸಿಗೆ ಹೋಯಿತು. ಹೊಸ ಚಿತ್ರ ಬರುವವರೆಗೆ ಗೋಡೆ ಖಾಲಿ ಇತ್ತು. ಬೆಳಿಗ್ಗೆ, ಮಕ್ಕಳು ಬರುವ ಮೊದಲು, ನಾನು ಅದರ ಮುಂದೆ ಹೋಗಿ ನಿಂತೆ. ನನ್ನ ಕೈಗಳು ತಾವಾಗಿ ಹಿಂದೆ ಹೋಗಿ ಒಂದನ್ನೊಂದು ಹಿಡಿದುಕೊಂಡಿದ್ದವು. ಖಾಲಿ ಗೋಡೆಗೆ ಬೆನ್ನು ಹಾಕಿದೆ.

ಮೇಡಂ, ಎಡಗಡೆ ಕೆಳಗೆ ಒದ್ದೆ ಹಗ್ಗದ ಒಂದು ಸುರುಳಿ ಇದೆ. ಅದರ ಹಿಂದೆ ಒಡೆದ ಬುಟ್ಟಿ. ಬುಟ್ಟಿಯ ನೆರಳಿನಲ್ಲಿ, ಒಂದು ಕಿವಿ ಮಡಚಿಕೊಂಡು, ಒಂದು ನಾಯಿ ಮಲಗಿದೆ.

ಈ ಸಲ ನಾಯಿಯೇ. ನಾನು ನೋಡಿದ್ದೇನೆ.